ತಟ್ಟಿದರೆ ಬಿಡಬೇಕು

ಕರಾಟೆ, ಜೂಡೊ, ಟೇಕ್ವಾಂಡೊ ಕ್ಲಾಸುಗಳಿಗೆ ಹೋಗುವ ಮಕ್ಕಳ ಸುರಕ್ಷತೆಯ ಬಗ್ಗೆ ಪ್ರಶ್ನೆಗಳಿದ್ದರೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಯಾರ ಗುರುತೂ ಸಿಗದಂತೆ ವಿವರಗಳನ್ನು ತೆಗೆದಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ: ಮೈಸೂರಿನಲ್ಲಿ ಮಕ್ಕಳಿಗೆ ಜೂಡೊ ಕಲಿಸುತ್ತೇನೆ, ತಂದೆ ಗರಡಿಯಲ್ಲಿ ಸಾಮು ಮಾಡಿದವರು. ನಮ್ಮ ಕ್ಲಾಸಿಗೆ ಬಂದ ಮಗು ಮೊದಲು ಕಲಿಯುವುದು ಬೀಳುವುದನ್ನು ಮತ್ತು ತಟ್ಟುವುದನ್ನು. ನೋವಾದರೆ, ಉಸಿರು ಕಟ್ಟಿದರೆ, ಸುಮ್ಮನೆ ಭಯವಾದರೂ ಸರಿ, ಮ್ಯಾಟನ್ನೋ ಎದುರಾಳಿಯ ಮೈಯನ್ನೋ ಎರಡು ಸಲ ತಟ್ಟಬೇಕು. ತಟ್ಟಿದ ಕ್ಷಣ ಹಿಡಿದವರು ಬಿಡಬೇಕು. ಹಿಡಿದಿರುವುದು ಬ್ಲ್ಯಾಕ್ ಬೆಲ್ಟ್ ಆದರೂ, ಮಾಸ್ಟರೇ ಆದರೂ ಬಿಡಲೇಬೇಕು. ಮಗುವಿನ ‘ಸಾಕು’ ಎಂಬುದಕ್ಕೆ ಇಷ್ಟು ಬೆಲೆ ಕೊಡುವ ನಿಯಮ ಮ್ಯಾಟಿನ ಮೇಲೆ ಮಾತ್ರ ಇದ್ದರೆ ಸಾಲದು. ಮಾಸ್ಟರು ಒಳ್ಳೆಯವರೋ ಕೆಟ್ಟವರೋ ಎಂದು ಊಹಿಸುತ್ತ ಕೂರುವುದಕ್ಕಿಂತ, ಯಾರೇ ಇದ್ದರೂ ಮಗು ಸುರಕ್ಷಿತವಾಗಿರುವ ಏರ್ಪಾಡು ಮಾಡಿಕೊಳ್ಳಬೇಕು. ಕೆಳಗಿನ ಉತ್ತರಗಳೆಲ್ಲ ಈ ನಂಬಿಕೆಯಿಂದಲೇ ಬಂದಿವೆ.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ, ಕರಾಟೆಯಲ್ಲಿ ಬ್ರೌನ್ ಬೆಲ್ಟ್. ಈಚೆಗೆ ಮಾಸ್ಟರು ರಾತ್ರಿ ಹತ್ತರ ಮೇಲೆ ಅವಳಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ‘ಊಟ ಆಯ್ತಾ, ನೀನೇ ನನ್ನ ಬೆಸ್ಟ್ ಸ್ಟೂಡೆಂಟ್, ಬೇರೆಯವರಿಗೆ ಹೇಳಬೇಡ, ಹೊಟ್ಟೆಕಿಚ್ಚು ಪಡ್ತಾರೆ’ ಎಂದೆಲ್ಲ ಬರೆಯುತ್ತಾರೆ. ಹುಟ್ಟುಹಬ್ಬಕ್ಕೆ ದುಬಾರಿ ಶೂ ಕೊಡಿಸಿದರು. ಈಗ ಭಾನುವಾರ ತಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಸ್ಪೆಷಲ್ ಪ್ರಾಕ್ಟೀಸ್ ಕೊಡುತ್ತೇನೆ, ಫೀಸು ಬೇಡ ಎನ್ನುತ್ತಿದ್ದಾರೆ. ನಮ್ಮ ಯಜಮಾನರು ‘ಊರೇ ಗೌರವಿಸುವ ಮನುಷ್ಯ, ನಿನ್ನ ತಲೆಯಲ್ಲೇ ಕೆಟ್ಟ ಯೋಚನೆ’ ಎಂದು ಬೈದರು. ನಾನು ತಪ್ಪು ತಿಳಿಯುತ್ತಿದ್ದೇನೆಯೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಇಲ್ಲ ತಾಯಿ, ತಪ್ಪು ತಿಳಿಯುತ್ತಿಲ್ಲ. ಭಾನುವಾರ ಮಗಳನ್ನು ಆ ಮನೆಗೆ ಕಳಿಸಬೇಡಿ.

ಹೊಗಳಿಕೆ, ಉಡುಗೊರೆ, ಗುಟ್ಟು, ಏಕಾಂತ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದಕ್ಕೂ ಒಳ್ಳೆಯ ಅರ್ಥ ಹೇಳಬಹುದು, ನಿಮ್ಮ ಯಜಮಾನರು ಮಾಡುತ್ತಿರುವುದೂ ಅದನ್ನೇ. ನಾಲ್ಕೂ ಒಬ್ಬರಿಂದಲೇ, ಒಂದೇ ಮಗುವಿನ ಕಡೆಗೆ ಬಂದಾಗ ಬೇರೆ ಬೇರೆಯಾಗಿ ನೋಡಬಾರದು. ಮಕ್ಕಳನ್ನು ದುರುಪಯೋಗ ಮಾಡಿಕೊಳ್ಳುವವರು ಮೊದಲ ದಿನವೇ ಮೈಮೇಲೆ ಕೈಹಾಕುವುದಿಲ್ಲ. ಮೊದಲು ಮನೆಯವರ ವಿಶ್ವಾಸ ಗಳಿಸುತ್ತಾರೆ, ಆಮೇಲೆ ಮಗುವಿಗೆ ತಾನು ಎಲ್ಲರಿಗಿಂತ ಹೆಚ್ಚು ಎನ್ನಿಸುತ್ತಾರೆ, ನಂತರ ಒಂದು ಸಣ್ಣ ಗುಟ್ಟನ್ನು ಇಬ್ಬರ ನಡುವೆ ಇಡುತ್ತಾರೆ. ಮಗು ಆ ಗುಟ್ಟನ್ನು ಕಾಪಾಡಿತೆಂದರೆ ದೊಡ್ಡ ಗುಟ್ಟನ್ನೂ ಕಾಪಾಡುತ್ತದೆ ಎಂಬುದು ಅವರಿಗೆ ಗೊತ್ತಾಗುತ್ತದೆ. ಈ ಮಾಸ್ಟರ ಮನಸ್ಸಿನಲ್ಲಿ ಏನಿದೆಯೆಂದು ನಾನು ಹೇಳಲಾರೆ. ಆದರೆ ಅದನ್ನು ತೀರ್ಮಾನಿಸಿದ ಮೇಲೇ ಹೆಜ್ಜೆ ಇಡಬೇಕೆಂದು ಕಾಯುವ ಅಗತ್ಯವೂ ಇಲ್ಲ. ಅವರು ನಿಜಕ್ಕೂ ಒಳ್ಳೆಯವರಾಗಿದ್ದರೆ ‘ಮೆಸೇಜೆಲ್ಲ ಪೋಷಕರ ಗುಂಪಿಗೇ ಹಾಕಿ, ಪ್ರಾಕ್ಟೀಸ್ ಕ್ಲಾಸಿನಲ್ಲೇ ಆಗಲಿ’ ಎಂದರೆ ಅವರಿಗೇನೂ ನಷ್ಟವಿಲ್ಲ. ಯಜಮಾನರಿಗೆ ಇಷ್ಟು ಹೇಳಿ ನೋಡಿ. ಆ ಮನುಷ್ಯನನ್ನು ಅನುಮಾನಿಸಿ ಎಂದು ನೀವು ಅವರನ್ನು ಕೇಳುತ್ತಿಲ್ಲ, ಮಗಳಿಗೆ ಬೇಲಿ ಹಾಕಿ ಎಂದು ಕೇಳುತ್ತಿದ್ದೀರಿ.

ಮಾಸ್ಟರ ಜೊತೆ ಮಾತನಾಡುವ ಮೊದಲು ಆ ಮೆಸೇಜುಗಳನ್ನೆಲ್ಲ ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿಗೆ ಕಳಿಸಿಕೊಳ್ಳಿ. ಏನನ್ನೂ ಅಳಿಸಬೇಡಿ. ಮಗಳ ಹೆಸರಿನಲ್ಲಿ ನೀವು ಉತ್ತರ ಬರೆದು ಪರೀಕ್ಷೆ ಮಾಡಲು ಹೋಗಬೇಡಿ.

ಆಮೇಲೆ ಮಗಳ ಜೊತೆ ಮಾತು. ಇದಕ್ಕೆ ಎದುರಾಬದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಜಡೆ ಹಾಕುವಾಗ, ಸ್ಕೂಟರಿನಲ್ಲಿ ಹೋಗುವಾಗ, ಬಟ್ಟೆ ಮಡಿಸುವಾಗ, ಕಣ್ಣಿಗೆ ಕಣ್ಣು ಸೇರಿಸಬೇಕಿಲ್ಲದ ಹೊತ್ತಿನಲ್ಲಿ ಮಕ್ಕಳು ಹೆಚ್ಚು ಹೇಳುತ್ತಾರೆ. ‘ದೊಡ್ಡವರು ಮಕ್ಕಳ ಹತ್ತಿರ ಗುಟ್ಟು ಇಟ್ಟುಕೊಳ್ಳಬಾರದು ಪುಟ್ಟಾ, ಇಟ್ಟುಕೊಂಡರೆ ತಪ್ಪು ದೊಡ್ಡವರದು. ನೀನು ಏನು ಹೇಳಿದರೂ ನಾನು ಬೈಯಲ್ಲ, ನಿನ್ನ ಕರಾಟೆನೂ ನಿಲ್ಲಿಸಲ್ಲ’ ಎನ್ನಿ. ಈ ಕೊನೆಯ ಮಾತು ಬಹಳ ಮುಖ್ಯ. ಕ್ಲಾಸು ಬಿಡಿಸುತ್ತಾರೆ ಎಂಬ ಹೆದರಿಕೆಯೇ ಎಷ್ಟೋ ಮಕ್ಕಳ ಬಾಯಿ ಕಟ್ಟಿರುತ್ತದೆ. ‘ಸರ್ ಏನಾದ್ರೂ ಮಾಡಿದ್ರಾ, ಇಲ್ಲಿ ಮುಟ್ಟಿದ್ರಾ’ ಎಂದು ನೀವೇ ಉತ್ತರ ಇಟ್ಟುಕೊಂಡು ಪ್ರಶ್ನೆ ಕೇಳಬೇಡಿ. ‘ಸರ್ ಜೊತೆ ಇದ್ದಾಗ ನಿನಗೆ ಇಷ್ಟವಾಗದ್ದು ಏನಾದರೂ ಆಗಿದೆಯಾ’ ಎಂದು ಕೇಳಿ, ಸುಮ್ಮನಿರಿ. ಅವಳು ಹೇಳುವಷ್ಟನ್ನು ಅವಳ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.

ಅವಳು ಏನಾದರೂ ಹೇಳಿದರೆ ಮಾಸ್ಟರ ಮನೆಗೆ ಹೋಗಿ ಜಗಳವಾಡುವುದು, ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದು ಎರಡೂ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅಥವಾ ನೇರ ಪೊಲೀಸರಿಗೆ ತಿಳಿಸಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಲ್ಲಿ ಮೈ ಮುಟ್ಟಿದರೆ ಮಾತ್ರ ಅಪರಾಧ ಎಂದೇನೂ ಇಲ್ಲ. ಲೈಂಗಿಕ ಉದ್ದೇಶದಿಂದ ಮಗುವನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಫೋನಿನ ಮೂಲಕ ಪದೇ ಪದೇ ಸಂಪರ್ಕಿಸುವುದು ಕೂಡ ಅದರ 11ನೇ ಕಲಮಿನಡಿ ಬರುತ್ತದೆ. ಬಟ್ಟೆಯ ಮೇಲಿಂದ ಮುಟ್ಟಿದರೆ ಅದು ಪೋಕ್ಸೊ ಪ್ರಕಾರ ಲೈಂಗಿಕ ಹಲ್ಲೆಯಲ್ಲ ಎಂಬ ಬಾಂಬೆ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲಿ ತಳ್ಳಿಹಾಕಿತು. ಉದ್ದೇಶ ಏನಿತ್ತು ಎಂಬುದೇ ಮುಖ್ಯ ಎಂದಿತು. ಮಗುವಿನ ನಂಬಿಕೆಯ ಸ್ಥಾನದಲ್ಲಿದ್ದವರು ಲೈಂಗಿಕ ದೌರ್ಜನ್ಯ ಎಸಗಿದರೆ ಅದು ಇನ್ನೂ ಗುರುತರ ಅಪರಾಧ. ಇನ್ನೂ ಏನೂ ಖಚಿತವಾಗಿಲ್ಲದಿದ್ದರೂ 1098ಕ್ಕೆ ಕರೆಮಾಡಿ ಸಲಹೆ ಕೇಳಬಹುದು.

ಅವಳು ಏನೂ ಆಗಿಲ್ಲ ಎಂದರೂ ಆ ಕ್ಲಾಸು ಬದಲಾಯಿಸಿ ಎಂದೇ ಹೇಳುತ್ತೇನೆ. ಕರಾಟೆ ಬಿಡಿಸಬೇಡಿ. ಬೇರೆ ಕ್ಲಾಸು ಹುಡುಕಿ, ಮೊದಲ ಕೆಲವು ವಾರ ನೀವೂ ಹೋಗಿ ಕೂತುಕೊಳ್ಳಿ. ಪೋಷಕರು ಕೂತು ನೋಡಬಾರದು ಎನ್ನುವ ಕ್ಲಾಸಾದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ನಮ್ಮ ಶಾಲಾ ವಾರ್ಷಿಕೋತ್ಸವದಲ್ಲಿ ಕರಾಟೆ ಮಕ್ಕಳಿಂದ ಹೆಂಚು ಒಡೆಸುವುದು, ಬೆಂಕಿ ಹಚ್ಚಿದ ಹೆಂಚಿಗೆ ಗುದ್ದಿಸುವುದು, ಕೈಮೇಲೆ ಬೈಕು ಹತ್ತಿಸುವುದು ಇದೆ. ಐದನೇ ಕ್ಲಾಸಿನ ಮಕ್ಕಳು. ಜನ ಚಪ್ಪಾಳೆ ಹೊಡೆಯುತ್ತಾರೆ, ನನಗೆ ಎದೆ ಝಲ್ ಎನ್ನುತ್ತದೆ. ಹೇಗೆ ನಿಲ್ಲಿಸಲಿ?
— ಪ್ರಾಥಮಿಕ ಶಾಲಾ ಶಿಕ್ಷಕಿ, ಪುತ್ತೂರು

ಉತ್ತರ: ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಿಸಿ. ಹತ್ತು ವರ್ಷದ ಮಗುವಿನ ಮೂಳೆಯ ತುದಿಗಳು ಇನ್ನೂ ಮೆದುವಾಗಿರುತ್ತವೆ, ಮೂಳೆ ಉದ್ದಕ್ಕೆ ಬೆಳೆಯುವುದೇ ಆ ಭಾಗದಲ್ಲಿ. ಹದಿನಾರು, ಹದಿನೆಂಟರವರೆಗೂ ಅದು ಪೂರ್ತಿ ಗಟ್ಟಿಯಾಗುವುದಿಲ್ಲ. ಅಲ್ಲಿಗೆ ಪೆಟ್ಟು ಬಿದ್ದರೆ ಬೆರಳು, ಮಣಿಕಟ್ಟು ಸೊಟ್ಟಗೆ ಬೆಳೆಯುವ ಅಪಾಯವಿದೆ. ಸೀಮೆಎಣ್ಣೆಯ ಬೆಂಕಿ, ಬೈಕಿನ ಭಾರ ಇವಕ್ಕೂ ಕರಾಟೆಗೂ ಯಾವ ಸಂಬಂಧವೂ ಇಲ್ಲ. ಕರಾಟೆ ಒಲಿಂಪಿಕ್ಸ್‌ಗೆ ಬಂದದ್ದು ಟೋಕಿಯೊದಲ್ಲಿ. ಅಲ್ಲಿ ಇದ್ದದ್ದು ಕಾಟಾ (ಒಬ್ಬರೇ ಕ್ರಮವಾಗಿ ಮಾಡಿ ತೋರಿಸುವ ವರಸೆಗಳು) ಮತ್ತು ಕುಮಿಟೆ (ಎದುರಾಳಿಯ ಜೊತೆಗಿನ ಸೆಣಸಾಟ), ಯಾರೂ ಹೆಂಚು ಒಡೆಯಲಿಲ್ಲ. ಅದೇ ಮಕ್ಕಳು ಒಟ್ಟಿಗೆ ಒಂದು ಕಾಟಾ ಮಾಡಲಿ. ಇಪ್ಪತ್ತು ಕಾಲು ಒಂದೇ ತಾಳಕ್ಕೆ ನೆಲ ತಟ್ಟಿದರೆ ನಿಮ್ಮೂರಿನ ಜನ ಅದಕ್ಕೂ ಚಪ್ಪಾಳೆ ಹೊಡೆಯುತ್ತಾರೆ.

ಪ್ರಶ್ನೆ: ಎಂಟು ವರ್ಷದ ಮಗ. ಕ್ಲಾಸಿನಲ್ಲಿ ತಪ್ಪು ಮಾಡಿದರೆ ಮಾಸ್ಟರು ಬೆತ್ತದಿಂದ ಮೊಣಕಾಲ ಹಿಂದೆ ಹೊಡೆಯುತ್ತಾರೆ, ಸಿಮೆಂಟ್ ನೆಲದ ಮೇಲೆ ಮುಷ್ಟಿ ಊರಿ ದಂಡ ಹೊಡೆಸುತ್ತಾರೆ. ಕಾಲು ಅಗಲ ಮಾಡಿಸಲು ದೊಡ್ಡ ಹುಡುಗರನ್ನು ಬೆನ್ನ ಮೇಲೆ ಕೂರಿಸುತ್ತಾರೆ. ಮಗ ಈಗ ಹೋಗಲ್ಲ ಎಂದು ಅಳುತ್ತಾನೆ. ಆದರೆ ಏಟಿಲ್ಲದೆ ವಿದ್ಯೆ ಬರುತ್ತದೆಯೇ? ಗರಡಿಯಲ್ಲೂ ಹೀಗೇ ಇತ್ತಲ್ಲ?
— ಒಬ್ಬ ತಂದೆ, ರಾಣೆಬೆನ್ನೂರು

ಉತ್ತರ: ಬರುತ್ತದೆ. ನಾನು ಕಲಿಸಿದ ಮಕ್ಕಳು ಏಟಿಲ್ಲದೆಯೇ ಕಲಿತಿದ್ದಾರೆ.

ಗರಡಿಯ ಮಾತು ಎತ್ತಿದ್ದೀರಿ, ಹಾಗಾಗಿ ಹೇಳುತ್ತೇನೆ. ನಮ್ಮ ತಂದೆಯ ಕಾಲದ ಗರಡಿಯಲ್ಲಿ ಏಟು ಬೀಳುತ್ತಿರಲಿಲ್ಲ ಎಂದೇನೂ ಇಲ್ಲ. ಆದರೆ ಅವರು ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದುದು ಉಸ್ತಾದರ ಕೋಲನ್ನಲ್ಲ, ಅವರ ಕಣ್ಣನ್ನು. ಯಾವ ಹುಡುಗ ಇವತ್ತು ಊಟ ಮಾಡದೆ ಬಂದಿದ್ದಾನೆ, ಯಾರ ಭುಜ ನೋಯುತ್ತಿದೆ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತಂತೆ. ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿಗೆ, ಇಳಿಸುವ ಮುಂಚೆ ತೂಕ, ವಯಸ್ಸು, ಪಟ್ಟು ಎಲ್ಲ ನೋಡಿ ಜೋಡಿ ಕಟ್ಟುತ್ತಿದ್ದರು. ಜೋಡಿ ಸರಿಯಿಲ್ಲ ಎನ್ನಿಸಿದರೆ ಎಷ್ಟು ಜನ ಕಾದಿದ್ದರೂ ಕುಸ್ತಿ ಬಿಡುತ್ತಿರಲಿಲ್ಲ. ಗರಡಿಯಿಂದ ಏನನ್ನಾದರೂ ಉಳಿಸಿಕೊಳ್ಳುವುದಾದರೆ ಆ ಎಚ್ಚರವನ್ನು ಉಳಿಸಿಕೊಳ್ಳೋಣ.

ಕಠಿಣ ತಾಲೀಮು ಬೇರೆ, ಹಿಂಸೆ ಬೇರೆ. ತಾಲೀಮಿನಲ್ಲಿ ಮಗುವಿಗೆ ಇದನ್ನು ಯಾಕೆ ಮಾಡುತ್ತಿದ್ದೇನೆ ಎಂದು ಗೊತ್ತಿರುತ್ತದೆ, ಆಗದಿದ್ದರೆ ನಿಲ್ಲಿಸುವ ಅವಕಾಶವಿರುತ್ತದೆ. ನಿಮ್ಮ ಮಗನಿಗೆ ಎರಡೂ ಇಲ್ಲ. ಬೆನ್ನ ಮೇಲೆ ದೊಡ್ಡ ಹುಡುಗನನ್ನು ಕೂರಿಸಿ ಬಗ್ಗಿಸಿದರೆ ತೊಡೆಯ ಸ್ನಾಯು ಹರಿಯಬಹುದು, ಸೊಂಟದ ಕೀಲಿಗೆ ಪೆಟ್ಟಾಗಬಹುದು. ಅಲ್ಲಿ ಬೆಳೆಯುವುದು ಭಯವೊಂದೇ. ಹೊಡೆಯುವವರ ಮುಂದೆ ಸುಮ್ಮನೆ ನಿಲ್ಲಬೇಕು ಎಂದು ಕಲಿತ ಮಗು ನಾಳೆ ಬೇರೆ ಯಾರು ಏನು ಮಾಡಿದರೂ ಸುಮ್ಮನೆ ನಿಲ್ಲುತ್ತದೆ, ನನಗೆ ಇದೇ ದೊಡ್ಡ ಆತಂಕ. ಆತ್ಮರಕ್ಷಣೆ ಕಲಿಸುವ ಜಾಗದಲ್ಲಿ ಇದಕ್ಕಿಂತ ಕೆಟ್ಟ ಪಾಠ ಇನ್ನೊಂದಿಲ್ಲ.

ಕಾನೂನಿನ ಮಾತೂ ಇದೆ. ತನ್ನ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಹಲ್ಲೆ ಮಾಡಿ ಅನಗತ್ಯ ನೋವು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ‘ಪೋಷಕರೇ ಹೊಡೆಯಿರಿ ಎಂದಿದ್ದರು’ ಎಂದರೆ ತಪ್ಪಿಸಿಕೊಳ್ಳಲಾಗದು. ಅಂಥ ಅನುಮತಿ ಕೊಡುವ ಹಕ್ಕು ನಮಗೂ ಇಲ್ಲ. ಮಗ ಅತ್ತು ಹೇಳಿದ್ದಾನೆ. ಇವತ್ತೇ ಬಿಡಿಸಿ. ಉಳಿದ ಮಕ್ಕಳ ಅಪ್ಪ ಅಮ್ಮಂದಿರಿಗೂ ವಿಷಯ ತಿಳಿಸಿ.

ಪ್ರಶ್ನೆ: ಟೇಕ್ವಾಂಡೊ ಪ್ರಾಕ್ಟೀಸಿನಲ್ಲಿ ಹದಿಮೂರು ವರ್ಷದ ಮಗನ ತಲೆಗೆ ಕಿಕ್ ಬಿತ್ತು. ಹೆಡ್‌ಗಾರ್ಡ್ ಇತ್ತು, ಎಚ್ಚರ ತಪ್ಪಲಿಲ್ಲ. ಸ್ವಲ್ಪ ಹೊತ್ತು ತಬ್ಬಿಬ್ಬಾಗಿದ್ದ. ನೀರು ಕುಡಿಸಿ ಮತ್ತೆ ಆಡಿಸಿದರು. ರಾತ್ರಿ ಎರಡು ಸಲ ವಾಂತಿ. ಡಾಕ್ಟರು ನೋಡಿ ಸ್ಕ್ಯಾನಿನಲ್ಲಿ ತೊಂದರೆಯಿಲ್ಲ, ವಿಶ್ರಾಂತಿ ಇರಲಿ ಎಂದರು. ಮುಂದಿನ ವಾರ ಜಿಲ್ಲಾ ಟೂರ್ನಮೆಂಟ್. ಕೋಚ್ ‘ಗಟ್ಟಿಯಾಗಬೇಕು, ಕಳಿಸಿ’ ಎನ್ನುತ್ತಾರೆ.
— ತಾಯಿ, ಕೋಲಾರ

ಉತ್ತರ: ಕಳಿಸಬೇಡಿ. ಆಸ್ಪತ್ರೆಗೆ ಕರೆದೊಯ್ದು ಒಳ್ಳೆಯದು ಮಾಡಿದಿರಿ.

ಎಚ್ಚರ ತಪ್ಪದಿದ್ದರೂ ಮಿದುಳಿಗೆ ಆಘಾತ ಆಗಿರಬಹುದು. ಸ್ಕ್ಯಾನ್ ಮಾಡುವುದು ಮುಖ್ಯವಾಗಿ ರಕ್ತಸ್ರಾವ, ಮೂಳೆಮುರಿತ ನೋಡಲು. ಕನ್ಕಷನ್ ಎನ್ನುವ ಈ ಆಘಾತ ಅದರಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಹೆಡ್‌ಗಾರ್ಡ್ ಚರ್ಮ ಒಡೆಯುವುದನ್ನು ತಪ್ಪಿಸುತ್ತದೆ, ಬುರುಡೆಯೊಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯಲಾರದು. ತಬ್ಬಿಬ್ಬಾದ ಮಗುವನ್ನು ಅದೇ ದಿನ ಮತ್ತೆ ಆಡಿಸಿದ್ದಂತೂ ದೊಡ್ಡ ತಪ್ಪು. ಮೊದಲ ಪೆಟ್ಟು ಮಾಯುವ ಮುನ್ನ ತಲೆಗೆ ಇನ್ನೊಂದು ಬಿದ್ದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಬರಬಹುದು. ಮಕ್ಕಳಲ್ಲಿ ಈ ಅಪಾಯ ಹೆಚ್ಚು.

ಜಪಾನಿನ ಉದಾಹರಣೆ ಕೊಡುತ್ತೇನೆ, ಏಕೆಂದರೆ ಅದು ನನ್ನ ಕಲೆಯ ತವರು. ಅಲ್ಲಿನ ಶಾಲೆಗಳಲ್ಲಿ 1983ರಿಂದ ಸುಮಾರು ಮೂರು ದಶಕಗಳಲ್ಲಿ ಜೂಡೊ ಆಡುತ್ತ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಹಲವರ ಸಾವಿಗೆ ಕಾರಣ ತಲೆಗೆ ಬಿದ್ದ ಪೆಟ್ಟು. ಸತ್ತವರಲ್ಲಿ ಬಹಳ ಮಂದಿ ಹೊಸದಾಗಿ ಸೇರಿದವರು, ಇನ್ನೂ ಬೀಳುವುದನ್ನೇ ಸರಿಯಾಗಿ ಕಲಿಯದೆ ಓಸೊತೊಗಾರಿಯಂಥ ಹಿಮ್ಮುಖ ಬೀಳಿಸುವ ಪಟ್ಟಿಗೆ ಸಿಕ್ಕವರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿ ಸಂಘ ಕಟ್ಟಿಕೊಂಡು ಲೆಕ್ಕ ಕೇಳಿದರು. ಗೆಲುವಿನ ಹಪಾಹಪಿ ಅತಿಯಾಯಿತೆಂದು 2022ರಲ್ಲಿ ಅಲ್ಲಿನ ಜೂಡೊ ಒಕ್ಕೂಟ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರಮಟ್ಟದ ವೈಯಕ್ತಿಕ ಪಂದ್ಯಾವಳಿಯನ್ನೇ ನಿಲ್ಲಿಸಿತು. ಜೂಡೊ ಹುಟ್ಟಿದ ನಾಡೇ ಹಾಗೆ ಮಾಡಿರುವಾಗ ನಾವು ಒಂದು ಜಿಲ್ಲಾ ಪದಕಕ್ಕೆ ಮಗುವಿನ ತಲೆ ಒಡ್ಡಬೇಕೇ?

ಮೊದಲ ಒಂದೆರಡು ದಿನ ಓದು, ಮೊಬೈಲು, ಓಟ ಎಲ್ಲ ಕಡಿಮೆ. ತಲೆನೋವು, ತಲೆಸುತ್ತು, ಬೆಳಕಿಗೆ ಕಣ್ಣು ಕಿರಿದಾಗುವುದು ಕಡಿಮೆಯಾದಂತೆ ಮೊದಲು ಶಾಲೆ, ನಂತರ ನಡಿಗೆ, ಆಮೇಲೆ ಒಬ್ಬನೇ ಮಾಡುವ ಅಭ್ಯಾಸ. ಎದುರಾಳಿಯ ಜೊತೆ ಆಡುವುದು ಎಲ್ಲಕ್ಕಿಂತ ಕೊನೆಗೆ, ಅದೂ ಡಾಕ್ಟರು ಒಪ್ಪಿದ ಮೇಲೆ. ಬ್ರಿಟನ್ನಿನಲ್ಲಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ 21 ದಿನಕ್ಕೆ ಮುಂಚೆ ಸ್ಪರ್ಧೆಗೆ ಇಳಿಸಬೇಡಿ ಎನ್ನುತ್ತದೆ. ನಾನೂ ಅದನ್ನೇ ಪಾಲಿಸುತ್ತೇನೆ. ಈ ನಡುವೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಕೈಕಾಲಲ್ಲಿ ಬಲವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಒಂಬತ್ತು ವರ್ಷದ ಮಗನನ್ನು ಚರ್ಚ್ ಹಾಲಿನಲ್ಲಿ ನಡೆಯುವ ಜಿಯುಜಿತ್ಸು ಕ್ಲಾಸಿಗೆ ಸೇರಿಸಬೇಕು. ಇಲ್ಲಿ ಎಲ್ಲದಕ್ಕೂ ಲೈಸೆನ್ಸ್ ಇರುತ್ತದೆ, ನಿಶ್ಚಿಂತೆಯಾಗಿರಿ ಎಂದು ಗೆಳತಿ ಹೇಳುತ್ತಾಳೆ.
— ಓದುಗರು, ರೆಡಿಂಗ್

ಉತ್ತರ: ನಿಶ್ಚಿಂತೆ ಬೇಡ. ಸಮರಕಲೆಯ ಕ್ಲಬ್ ತೆರೆಯಲು ಅಲ್ಲೂ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ‘ಸೇಫ್‌ಗಾರ್ಡಿಂಗ್ ಕೋಡ್ ಇನ್ ಮಾರ್ಷಲ್ ಆರ್ಟ್ಸ್’ ಎಂಬ ಮಾನ್ಯತೆ ಇದೆ, ಅದು ಕ್ಲಬ್‌ಗಳು ತಾವಾಗಿ ಪಡೆಯುವಂಥದ್ದು. ನಿಮ್ಮ ಕ್ಲಬ್‌ಗೆ ಇದೆಯೇ ಕೇಳಿ. ಕಲಿಸುವವರ ಡಿಬಿಎಸ್ ತಪಾಸಣೆ (ಅಲ್ಲಿನ ಸರ್ಕಾರಿ ಅಪರಾಧ ಹಿನ್ನೆಲೆ ತಪಾಸಣೆ) ಆಗಿದೆಯೇ, ಮಕ್ಕಳ ದೂರು ಕೇಳುವ ವೆಲ್ಫೇರ್ ಆಫೀಸರ್ ಯಾರು ಎಂದೂ ಕೇಳಿ. ಡಿಬಿಎಸ್ ತೋರಿಸುವುದು ದಾಖಲೆಗೆ ಬಂದದ್ದನ್ನು ಮಾತ್ರ, ಆದ್ದರಿಂದ ಅದಿದ್ದರೂ ನೀವು ಹೋಗಿ ಕೂತು ನೋಡಬೇಕು. ನಿಮಗೆ ದೊಡ್ಡ ಮಕ್ಕಳೂ ಇದ್ದರೆ ಇದು ತಿಳಿದಿರಲಿ: 2022ರ ಜೂನ್‌ನಿಂದ ಇಂಗ್ಲೆಂಡಿನಲ್ಲಿ ಕ್ರೀಡಾ ತರಬೇತುದಾರರು ತಾವು ಕಲಿಸುವ 16, 17 ವರ್ಷದವರ ಜೊತೆ ಲೈಂಗಿಕ ಸಂಬಂಧ ಇಟ್ಟುಕೊಂಡರೆ, ಒಪ್ಪಿಗೆ ಇತ್ತೆಂದರೂ, ಅಪರಾಧ. ಭಾರತದಲ್ಲಿ 18 ತುಂಬುವವರೆಗೆ ಎಲ್ಲರೂ ಪೋಕ್ಸೊ ರಕ್ಷಣೆಯಲ್ಲಿರುತ್ತಾರೆ.

ಪ್ರಶ್ನೆ: ಮೇಡಂ, ನನಗೆ ಹದಿನೈದು. ಹೋದ ವರ್ಷ ಬೇರೆ ರಾಜ್ಯಕ್ಕೆ ಟೂರ್ನಮೆಂಟಿಗೆ ಹೋದಾಗ ಸರ್ ನನ್ನ ಜೊತೆ ಕೆಟ್ಟದಾಗಿ ನಡೆದುಕೊಂಡರು. ಯಾರಿಗೂ ಹೇಳಿಲ್ಲ. ಹೇಳಿದರೆ ಮನೆಯಲ್ಲಿ ಕರಾಟೆ ಬಿಡಿಸುತ್ತಾರೆ. ನ್ಯಾಷನಲ್ಸ್‌ಗೆ ಹೆಸರು ಕಳಿಸುವುದೂ ಅವರೇ. ಈಗ ಚಿಕ್ಕ ಹುಡುಗಿಯರು ಸೇರಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.
— ಹೆಸರು, ಊರು ಬರೆದಿಲ್ಲ

ಉತ್ತರ: ಮಗಳೇ, ನೀನು ಬರೆದದ್ದನ್ನು ನಾನು ನಂಬುತ್ತೇನೆ. ನಿನ್ನದು ಏನೂ ತಪ್ಪಿಲ್ಲ.

‘ಕರಾಟೆ ಬರುತ್ತಿತ್ತಲ್ಲ, ಯಾಕೆ ಹೊಡೆಯಲಿಲ್ಲ, ಯಾಕೆ ಕೂಗಲಿಲ್ಲ’ ಎಂದು ನಿನ್ನನ್ನು ನೀನೇ ಕೇಳಿಕೊಳ್ಳುತ್ತಿರಬಹುದು. ನಾಳೆ ಬೇರೆಯವರೂ ಕೇಳಿಯಾರು. ನಾವು ಕಲಿಸುವುದು ಎದುರಾಳಿಯನ್ನು ಎದುರಿಸುವುದನ್ನು. ಯಾರ ಮಾತಿಗೆ ತಲೆಬಾಗಬೇಕು ಎಂದು ದಿನವೂ ಕಲಿತೆಯೋ ಅವರೇ ಹೀಗೆ ಮಾಡಿದಾಗ ಮೈ ಮರಗಟ್ಟಿಹೋಗುತ್ತದೆ. ದೊಡ್ಡವರಿಗೂ, ಬ್ಲ್ಯಾಕ್ ಬೆಲ್ಟ್ ಇದ್ದವರಿಗೂ ಹಾಗಾಗುತ್ತದೆ. ಮರಗಟ್ಟಿದ್ದೆ ಎಂದರೆ ಒಪ್ಪಿಕೊಂಡಿದ್ದೆ ಎಂದಲ್ಲ.

ನಿನಗೆ ಏನನ್ನೂ ಮುಚ್ಚಿಡದೆ ಹೇಳುತ್ತೇನೆ. ಇಂಥ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು ಎಂದು ಪೋಕ್ಸೊ ಕಾಯ್ದೆಯ 19ನೇ ಕಲಮು ಹೇಳುತ್ತದೆ. ನಿನ್ನ ಪತ್ರದಲ್ಲಿ ಇದ್ದಷ್ಟನ್ನು ನಾನು ತಿಳಿಸಿದ್ದೇನೆ. ಹೆಸರು, ಊರು ಇಲ್ಲದ್ದರಿಂದ ಅವರು ನಿನ್ನನ್ನು ತಲುಪಲಾರರು. ನೀನು ಅಮ್ಮನಿಗೋ ಟೀಚರಿಗೋ ಹೇಳಿದರೆ ಅವರೂ ಮುಂದೆ ತಿಳಿಸಬೇಕಾಗುತ್ತದೆ. ಅಂದರೆ ಒಮ್ಮೆ ಬಾಯಿಬಿಟ್ಟರೆ ವಿಷಯ ಮುಂದಕ್ಕೆ ಹೋಗುತ್ತದೆ. ಇದನ್ನು ತಿಳಿದೇ ನೀನು ಹೆಜ್ಜೆ ಇಡಬೇಕೆಂದು ನನ್ನ ಆಸೆ. ಆದರೂ ಇಡು ಎಂದೇ ಹೇಳುತ್ತೇನೆ.

ನೀನು ಠಾಣೆಗೆ ಹೋಗಿ ನಿಲ್ಲಬೇಕಿಲ್ಲ. ಮನೆಯಲ್ಲೋ ನೀನು ಹೇಳಿದ ಜಾಗದಲ್ಲೋ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಕೇಳಬೇಕು. ನಿನ್ನ ನಂಬಿಕೆಯವರು ಪಕ್ಕದಲ್ಲಿ ಇರಬಹುದು. ನಿನ್ನ ಹೆಸರು, ಫೋಟೊ, ಶಾಲೆ ಯಾವುದನ್ನೂ ಪತ್ರಿಕೆ, ಟೀವಿ ಹೊರಗೆಡಹುವಂತಿಲ್ಲ. ಕೋರ್ಟಿನಲ್ಲೂ ವಿಚಾರಣೆ ಮುಚ್ಚಿದ ಬಾಗಿಲ ಒಳಗೆ. ಮೊದಲಿನಿಂದ ಕೊನೆಯವರೆಗೆ ಜೊತೆಗಿರಲು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ಒಂದು ವರ್ಷ ಕಳೆದಿದೆ, ಸಾಕ್ಷಿ ಇಲ್ಲ ಎಂದು ಹಿಂಜರಿಯಬೇಡ. ಮನೆಯವರಿಗೆ ಹೇಳಲು ಬಾಯಿ ಬಾರದಿದ್ದರೆ ನೀನೇ 1098ಕ್ಕೆ ಫೋನ್ ಮಾಡಬಹುದು, ಹಣ ಕಟ್ ಆಗುವುದಿಲ್ಲ. ಅಮ್ಮನಿಗೆ ಹೇಳುವುದು ಕಷ್ಟವಾದರೆ ಈ ಪುಟವನ್ನು ಅವರ ಕೈಗೆ ಕೊಟ್ಟು ‘ಇದು ನಾನು’ ಎಂದರೂ ಸಾಕು.

ನಿನ್ನ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ತಪ್ಪು ಮಾಡಿದವನು ಕ್ಲಾಸು ಬಿಡಬೇಕು, ಮಗಳು ಬಿಡಬಾರದು. ಮನೆಯಲ್ಲಿ ಕೂರಿಸಿದರೆ ಶಿಕ್ಷೆ ಅವಳಿಗಾಗುತ್ತದೆ. ಅವಳನ್ನು ಬೇರೆ ಕ್ಲಬ್ಬಿನಿಂದ ಆಡಿಸುವ ದಾರಿ ಹುಡುಕೋಣ. ಅದಕ್ಕೆ ಬೇಕಾದ ಓಡಾಟ ನಾನೂ ಮಾಡುತ್ತೇನೆ, ಪತ್ರಿಕೆಯ ಮೂಲಕ ಸಂಪರ್ಕಿಸಿ.

ಪ್ರಶ್ನೆ: ನಾನು ಇಪ್ಪತ್ತಾರು ವರ್ಷದ ಕರಾಟೆ ಮಾಸ್ಟರ್. ಸರ್ಕಾರಿ ಹಾಸ್ಟೆಲಿನ ಹುಡುಗಿಯರಿಗೆ ಓಬವ್ವ ಆತ್ಮರಕ್ಷಣಾ ತರಬೇತಿ ಕೊಡಲು ಕರೆದಿದ್ದಾರೆ. ಸ್ಟ್ಯಾನ್ಸ್ (ನಿಲ್ಲುವ ಭಂಗಿ) ತಿದ್ದಲು ಮುಟ್ಟಲೇಬೇಕಾಗುತ್ತದೆ, ನಾಳೆ ಯಾರಾದರೂ ಏನಾದರೂ ಅಂದರೆ ಎಂದು ಭಯ. ಹುಡುಗಿಯರ ಬ್ಯಾಚೇ ಬೇಡ ಎಂದುಬಿಡಲೇ?
— ಮಾಸ್ಟರ್, ತುಮಕೂರು

ಉತ್ತರ: ಬೇಡ ಎನ್ನಬೇಡಿ ತಮ್ಮಾ. ಒಳ್ಳೆಯ ಮನಸ್ಸಿನವರೆಲ್ಲ ಹಿಂದೆ ಸರಿದರೆ ಆ ಜಾಗಕ್ಕೆ ಯಾರು ಬರುತ್ತಾರೆ? ಮಕ್ಕಳನ್ನು ಕಾಯುವ ನಿಯಮಗಳೇ ನಿಮ್ಮನ್ನೂ ಕಾಯುತ್ತವೆ.

ಮುಟ್ಟುವುದಕ್ಕೆ ಮುಂಚೆ ಹೇಳಿ, ಆಮೇಲೆ ತೋರಿಸಿ, ಆಮೇಲೂ ಬೇಕಾದರೆ ಕೇಳಿ ಮುಟ್ಟಿ. ‘ಮೊಣಕೈ ಒಳಗೆ ತಗೋ’ ಎಂದರೆ ಹತ್ತರಲ್ಲಿ ಎಂಟು ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ. ಉಳಿದವರಿಗೆ ನಿಮ್ಮ ಮೈಮೇಲೇ ತೋರಿಸಿ. ಹಾಗೂ ಆಗದಿದ್ದರೆ ‘ಮೊಣಕೈ ಹಿಡಿದು ತಿದ್ದಲೇ’ ಎಂದು ಎಲ್ಲರಿಗೂ ಕೇಳುವಂತೆ ಕೇಳಿ. ಬೇಡ ಎಂದರೆ ಕೈ ಹಿಂದಕ್ಕೆ. ಮುಟ್ಟುವುದು ಮೊಣಕೈ, ಮಣಿಕಟ್ಟು, ಹಿಮ್ಮಡಿ ಇಷ್ಟೇ ಇರಲಿ. ಸೊಂಟ, ತೊಡೆ ತಿದ್ದಬೇಕಾದರೆ ಹುಡುಗಿಯರಲ್ಲೇ ಒಬ್ಬ ಸೀನಿಯರಿಂದ ಮಾಡಿಸಿ. ಹಿಡಿತ ಬಿಡಿಸಿಕೊಳ್ಳುವ ಪಾಠಗಳಲ್ಲಿ ಹಿಡಿಯುವವರು ನೀವಾಗಬೇಡಿ, ಹುಡುಗಿಯರೇ ಜೋಡಿಯಾಗಲಿ. ಉಳುಕಿದ ಕಾಲಿಗೆ ನೀವು ಎಣ್ಣೆ ಹಚ್ಚಿ ನೀವಬೇಡಿ. ಐಸ್ ಇಡಿ, ವಾರ್ಡನ್‌ಗೆ ಹೇಳಿ.

ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟನ್ನು ಯಾರೂ ಕೇಳುವ ಮುಂಚೆ ನೀವೇ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆಯಿರಿ. 2020ರ ಪೋಕ್ಸೊ ನಿಯಮಗಳು ಶಾಲೆಗಳ ಜೊತೆ ಕ್ರೀಡಾ ಅಕಾಡೆಮಿಗಳ ಹೆಸರನ್ನೂ ಎತ್ತಿ ಹೇಳಿ, ಮಕ್ಕಳ ಒಡನಾಟವಿರುವ ಪ್ರತಿಯೊಬ್ಬ ಸಿಬ್ಬಂದಿಯ ಹಿನ್ನೆಲೆ ತಪಾಸಣೆ ಕಾಲಕಾಲಕ್ಕೆ ಆಗಬೇಕು ಎನ್ನುತ್ತವೆ. ನಮ್ಮ ಊರುಗಳಲ್ಲಿ ಬ್ಲ್ಯಾಕ್ ಬೆಲ್ಟನ್ನೇ ಎಲ್ಲದಕ್ಕೂ ಸರ್ಟಿಫಿಕೇಟ್ ಎಂದುಕೊಂಡಿದ್ದಾರೆ. ಅದು ನಿಮ್ಮ ಶೈಲಿಯ ಸಂಸ್ಥೆ ಕೊಟ್ಟ ದರ್ಜೆ, ನಡತೆಯ ಸರ್ಟಿಫಿಕೇಟ್ ಅಲ್ಲ.

ಹಾಸ್ಟೆಲಿನಲ್ಲಿ ಇನ್ನೂ ಒಂದು ಹೆಚ್ಚಿನ ಎಚ್ಚರ ಬೇಕು. ನಮ್ಮ ಕ್ಲಾಸುಗಳಲ್ಲಿ ಬಾಗಿಲ ಬಳಿ ಯಾರಾದರೂ ಒಬ್ಬ ಅಮ್ಮನೋ ಅಜ್ಜನೋ ಚಪ್ಪಲಿ ಬಿಟ್ಟು ಕೂತಿರುತ್ತಾರೆ. ಆ ಹುಡುಗಿಯರ ಮನೆಯವರು ದೂರದ ಊರುಗಳಲ್ಲಿರುತ್ತಾರೆ, ಅಲ್ಲಿ ಬಂದು ಕೂರುವವರಿಲ್ಲ. ಆದ್ದರಿಂದ ವಾರ್ಡನ್ ಅಥವಾ ಹಾಸ್ಟೆಲಿನ ಮಹಿಳಾ ಸಿಬ್ಬಂದಿ ಒಬ್ಬರು ಅಂಗಳದಲ್ಲಿ ಇಲ್ಲದಿದ್ದರೆ ಕ್ಲಾಸು ಶುರುಮಾಡುವುದಿಲ್ಲ ಎಂದು ಮೊದಲ ದಿನವೇ ಬರೆದು ಕೊಡಿ, ಪ್ರತಿದಿನ ಅವರ ಸಹಿಯನ್ನು ಹಾಜರಿ ಪುಸ್ತಕದಲ್ಲಿ ಹಾಕಿಸಿ. ತರಬೇತಿ ಬಯಲಿನಲ್ಲೋ ಬಾಗಿಲು ತೆರೆದ ಹಾಲಿನಲ್ಲೋ ಆಗಲಿ, ಕೋಣೆಗಳ ಕಡೆ ಹೋಗಬೇಡಿ. ಯಾವ ಹುಡುಗಿಯ ನಂಬರೂ ನಿಮ್ಮ ಫೋನಿನಲ್ಲಿ ಇರಬಾರದು, ಫೋಟೊ ಬೇಕಾದರೆ ಇಲಾಖೆಯವರೇ ತೆಗೆಯಲಿ. ಕ್ಲಾಸು ನಡೆಯುವ ಗೋಡೆಯ ಮೇಲೆ 1098, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ನಂಬರು ದೊಡ್ಡದಾಗಿ ಬರೆಸಿ. ‘ನನ್ನ ಮೇಲೆ ದೂರಿದ್ದರೂ ಇಲ್ಲಿಗೇ ಹೇಳಿ’ ಎಂದು ನಿಮ್ಮ ಬಾಯಿಂದಲೇ ಹುಡುಗಿಯರಿಗೆ ಹೇಳಿ, ವಾರ್ಡನ್ ಎದುರಿಗೇ.